ಮಹಾರಾಜರ ಬೆನ್ನಿನ ಅಳತೆ

ಬಹಳ ಹಿಂದೆ ಇದ್ದ ಶಿಲಾಪುರಿ ಎಂಬ ರಾಜ್ಯದಲ್ಲಿ, ಗುಡ್ಡದ ಹಾದಿಯ ಏಳನೇ ತಿರುವಿನಲ್ಲಿ, ಹುಲಿಗೆಪ್ಪ ಎಂಬ ಹೊರೆಯಾಳಿನ ಬೆನ್ನುಮೂಳೆ ಮುರಿಯಿತು. ಅವನ ಬೆನ್ನ ಮೇಲಿದ್ದ ಕಲ್ಲನ್ನು ರಾಜಭಟರು ಜೋಪಾನವಾಗಿ ಇಳಿಸಿಕೊಂಡು ಹೋದರು. ಅವನನ್ನು ಹೆಂಡತಿ ಸಾವಂತ್ರೆವ್ವ ಕೌದಿಯಲ್ಲಿ ಮಲಗಿಸಿ, ನಾಲ್ವರ ಕೈಯಲ್ಲಿ ಎತ್ತಿಸಿಕೊಂಡು ಮನೆಗೆ ತಂದಳು.

ಅರಸರ ಆಜ್ಞೆಯನ್ನು ಕಲ್ಲಿನಲ್ಲೇ ಕೆತ್ತುವುದು ಆ ರಾಜ್ಯದ ಪದ್ಧತಿ. ಕಾಗದವಿತ್ತು, ಡಂಗುರವೂ ಇತ್ತು. ಆದರೆ ಗಾಳಿಗೆ ಹಾರುವಂಥದ್ದು ರಾಜಾಜ್ಞೆಯೇ ಅಲ್ಲವೆಂದು ಹಿಂದಿನ ಅರಸರೊಬ್ಬರು ಕಲ್ಲಿನಲ್ಲಿ ಕೆತ್ತಿಸಿಬಿಟ್ಟಿದ್ದರು. ಹಬ್ಬಕ್ಕೆ ಶುಭಾಶಯ ಕೋರಿದರೂ ಕಲ್ಲು, ಸತ್ತವರಿಗೆ ಸಂತಾಪ ಸೂಚಿಸಿದರೂ ಕಲ್ಲು. ಅವನ್ನು ಊರೂರಿಗೆ ಹೊತ್ತೊಯ್ಯುವುದು ಹೊರೆಯಾಳುಗಳ ವಂಶಪಾರಂಪರ್ಯ ಹಕ್ಕು. ಹೌದು, ಕಡತದಲ್ಲಿ ಹಕ್ಕು ಎಂದೇ ಇತ್ತು. ಮನೆಯಲ್ಲಿ ಒಬ್ಬರು ಬಿದ್ದರೆ ಹಕ್ಕು ಮುಂದಿನವರಿಗೆ ದಾಟುತ್ತಿತ್ತು. ಹುಲಿಗೆಪ್ಪನದು ಹದಿನೆಂಟರ ಮಗಳು ಚಂದ್ರವ್ವನಿಗೆ ದಾಟಿತು. ಅಂದಹಾಗೆ, ಅವನು ಬಿದ್ದಾಗ ಹೊತ್ತಿದ್ದ ಕಲ್ಲಿನಲ್ಲಿ ಇದ್ದದ್ದು ಇಷ್ಟು: 'ಪ್ರಜೆಗಳ ಆರೋಗ್ಯವೇ ಅರಸರ ಆನಂದ.'

ಸಾವಂತ್ರೆವ್ವ ಕೌದಿ ಹೊಲಿಯುವವಳು. ಗಂಡನ ಮೈ ಒರೆಸುವಾಗ ಎರಡೂ ಹೆಗಲ ಮೇಲೆ ಹಗ್ಗ ಕೊರೆದ ಗುಳಿಗಳನ್ನು ಕಂಡಳು. ಮಗಳ ಹೆಗಲಿನ್ನೂ ನುಣ್ಣಗಿತ್ತು. ಸಾವಂತ್ರೆವ್ವ ಅಳಲಿಲ್ಲ, ಸೂಜಿಗೆ ದಾರ ಪೋಣಿಸಿದಳು.

ಹೆಗಲಿಗೆ ಅಂಗೈ ಅಗಲದ ಪಟ್ಟಿ, ಅದರೊಳಗೆ ಹಳೇ ಸೀರೆಯ ಏಳು ಪದರ. ಭಾರವೆಲ್ಲ ಹೆಗಲಿಗೇ ಬೀಳದೆ ಸೊಂಟಕ್ಕೂ ಇಳಿಯುವಂತೆ ಒಂದು ನಡುಪಟ್ಟಿ. ಕೆಳಗೆ ಜೋತಾಡದೆ ಬೆನ್ನಿಗೆ ಅಂಟಿ ನಿಲ್ಲುವ ಚೀಲ. ಬೀಸುವ ಕಲ್ಲನ್ನು ಅದರೊಳಗಿಟ್ಟು ಮಗಳನ್ನು ಅಂಗಳದಲ್ಲಿ ನಡೆಸಿದಳು. "ಎಲ್ಲಿ ಒತ್ತತೈತಿ ಹೇಳವ್ವಾ" ಎಂದು ಕೇಳುವುದು, ಬಿಚ್ಚುವುದು, ಮತ್ತೆ ಹೊಲಿಯುವುದು. ನಾಲ್ಕನೇ ಸಲ ಚಂದ್ರವ್ವ ಬೆನ್ನು ನೆಟ್ಟಗಿಟ್ಟು ನಡೆದಳು. ಕೊನೆಗೆ ತಾಯಿ ಚೀಲದ ಮೂಲೆಯ ಪದರದಲ್ಲಿ ರೊಟ್ಟಿಯ ಚೂರೊಂದನ್ನಿಟ್ಟು ಆ ಮೂಲೆಯನ್ನು ಹೊಲಿದಳು. ಕೌದಿ ಹೊಲಿಯುವವರೆಲ್ಲ ಪಾಲಿಸುತ್ತಿದ್ದ ರೂಢಿಯದು. ತುತ್ತು ಕಾಣದ ಕೌದಿ ಹಸಿದಿರುತ್ತದೆ, ಹೊದ್ದವರನ್ನೇ ತಿನ್ನುತ್ತದೆ ಎಂದು ಆ ಕೇರಿಯ ನಂಬಿಕೆ.

ಸುದ್ದಿ ಅರಮನೆ ಮುಟ್ಟಿತು. ಭಾರನಿರ್ವಹಣಾ ಸಚಿವ ಸುಮುಖವರ್ಮರು ಕೂಡಲೇ ಬೆನ್ನುಸ್ನೇಹಿ ಚೀಲ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿದರು. ಎಲೆಯಡಿಕೆ ತಟ್ಟೆಗಿಂತ ಭಾರವಾದದ್ದನ್ನು ಜನ್ಮದಲ್ಲಿ ಎತ್ತದ ಒಂಬತ್ತು ಮಂದಿ ಅದರ ತಜ್ಞ ಸದಸ್ಯರು. ಸಾವಂತ್ರೆವ್ವನನ್ನು ಸ್ಟೇಕ್‌ಹೋಲ್ಡರ್ ಎಂದು ಕರೆಸಿ, ಬಾಗಿಲ ಬಳಿ ನಿಲ್ಲಿಸಿದರು.

ಮೊದಲ ಪ್ರಶ್ನೆ, ಯಾರ ಬೆನ್ನನ್ನು ಅಳೆಯಬೇಕು? ಹೊರುವವರದನ್ನೇ ಅಳೆಯಿರಿ, ಒಬ್ಬೊಬ್ಬರದು ಒಂದೊಂದು ಥರ ಇರುತ್ತದೆ ಎಂದಳು ಸಾವಂತ್ರೆವ್ವ. ಚೀಲ ಅರ್ಧ ಮದ್ದು ಮಾತ್ರ, ಕಲ್ಲು ಸಣ್ಣದಾಗುವುದು ಇನ್ನರ್ಧ ಎಂದೂ ಸೇರಿಸಿದಳು. ಕಲ್ಲಿನ ಮಾತು ಕಾರ್ಯಸೂಚಿಯಲ್ಲಿಲ್ಲ ಎಂದು ಸದಸ್ಯರೊಬ್ಬರು ಜ್ಞಾಪಿಸಿದರು.

ಸಚಿವರು ಸಿಂಹಾಸನದತ್ತ ಬಾಗಿದರು. "ಸಾವಿರ ಬೆನ್ನುಗಳನ್ನು ಅಳೆಯುತ್ತ ಕೂತರೆ ಏಕರೂಪತೆಯ ಗತಿಯೇನು ಪ್ರಭು? ರಾಜ್ಯಕ್ಕೆಲ್ಲ ಒಂದೇ ಬೆನ್ನು. ಅದು ತಮ್ಮದು."

ಶ್ರೀಮನ್ಮಹಾರಾಜ ಸುಖಾಸೀನ ಭೂಪಾಲರು ಒಪ್ಪಿದರು. ಆ ಹೊತ್ತಿಗೆ ಅವರು ದಿಂಬಿಗೊರಗಿ ದ್ರಾಕ್ಷಿ ಮೆಲ್ಲುತ್ತಿದ್ದುದರಿಂದ ಅದೇ ಭಂಗಿಯಲ್ಲಿ ಅಳತೆ ನಡೆಯಿತು. ಬಾಳೆಹಣ್ಣಿನಂತೆ ಬಾಗಿದ ಆ ಬೆನ್ನನ್ನು ಹಿತ್ತಾಳೆಯ ತಗಡಿನಲ್ಲಿ ಅಚ್ಚೊತ್ತಿ, ಪ್ರತಿ ಚೀಲಕ್ಕೂ ಬೆಸೆದರು. ತಗಡಿನ ಮೇಲೆ ಅರಸರ ಮುಖಬಿಂಬ, ಮುಖಬಿಂಬದ ಮೇಲೆ ಪುಟ್ಟ ಛತ್ರಿ. ನಡುಪಟ್ಟಿಯನ್ನು ಕತ್ತರಿಸಿ ತೆಗೆದರು. ಏಕೆಂದರೆ ನಡುವಿಗೆ ಪಟ್ಟಿ ಕಟ್ಟುವ ಮರ್ಯಾದೆ ಸರದಾರರಿಗೆ ಮೀಸಲು. ಹೊರೆಯಾಳೂ ಕಟ್ಟಿದರೆ ಸರದಾರ ಯಾರು, ಹೊರೆಯಾಳು ಯಾರು ಎಂದು ತಿಳಿಯುವುದು ಹೇಗೆ? ಸಿದ್ಧವಾದ ಚೀಲ, ಖಾಲಿ ಇದ್ದಾಗಲೇ, ಒಂದು ಸಣ್ಣ ರಾಜಾಜ್ಞೆಯಷ್ಟು ಭಾರವಿತ್ತು.

ಪರೀಕ್ಷೆಯನ್ನೂ ಅರಸರೇ ಮಾಡಿದರು. ಮಂಚದ ಮೇಲೆ ಚೀಲವಿಟ್ಟು, ಅದಕ್ಕೊರಗಿ, ನಿದ್ದೆ ಹೋದರು. ಬಳಕೆದಾರರ ಫೀಡ್‌ಬ್ಯಾಕ್ ಅತ್ಯುತ್ತಮ ಎಂದು ವರದಿಯಾಯಿತು.

"ಮಲಗಿಯೇ ಇಷ್ಟು ಸಾಧಿಸಿದ ಪ್ರಭುಗಳು ಎದ್ದು ನಿಂತರೆ ನೆರೆರಾಜ್ಯಗಳ ಪಾಡೇನು!" ಎಂದು ಸಚಿವರು ಕಣ್ಣೊರೆಸಿಕೊಂಡರು.

ಆಕಳಿಸುತ್ತ ಎದ್ದ ಅರಸರು ಒಂದು ಸೂಕ್ಷ್ಮ ಪ್ರಶ್ನೆ ಕೇಳಿದರು. ಚೀಲ ಇಷ್ಟು ಸುಖವಾಗಿರುವಾಗ ಹೊರೆಯಾಳು ಒಂದೇ ಕಲ್ಲು ಹೊರುವುದು ಸೋಮಾರಿತನವಲ್ಲವೆ? ಅಂದಿನಿಂದ ಎರಡಾಯಿತು. ಚೀಲ ಬಳಸುವ ವಿಧಾನವನ್ನು ನಲವತ್ತು ಕಲಮುಗಳಲ್ಲಿ ಕೆತ್ತಿಸಿ ಊರೂರಿಗೆ ಕಳಿಸಿದರು. ಅದು ಮೂರನೆಯ ಕಲ್ಲು.

ಮೊದಲ ತಂಡವನ್ನು ಭಟರು ಈಟಿ ಹಿಡಿದು ಗುಡ್ಡ ಹತ್ತಿಸಿದರು. ಹನ್ನೊಂದು ಮಂದಿ ಏಳನೇ ತಿರುವನ್ನೂ ಮುಟ್ಟದೆ ಬಿದ್ದರು. ಪ್ರಾಧಿಕಾರ ಚಿಂತಾಕ್ರಾಂತವಾಗಿ ಸಭೆ ಸೇರಿ ಸತ್ಯವನ್ನು ಕಂಡುಹಿಡಿಯಿತು: ಚೀಲ ಅರಸರ ಬೆನ್ನಿನ ಅಳತೆಯದು, ಆದ್ದರಿಂದ ತಪ್ಪು ಬಿದ್ದವರ ಬೆನ್ನಿನದು. ಇನ್ನು ಮುಂದೆ ನೋವಾಯಿತು ಎನ್ನುವುದು ರಾಜನಿಂದನೆ. ಹನ್ನೊಂದು ಮಂದಿಯನ್ನೂ ಚಾಪೆಯ ಸಮೇತ ಆಸ್ಥಾನಕ್ಕೆ ಹೊತ್ತು ತಂದು, ಮಲಗಿದಲ್ಲಿಂದಲೇ ಕ್ಷಮಾಪಣೆ ಹೇಳಿಸಿದರು. ಪ್ರಜೆಗಳ ನೋವನ್ನು ಹೀಗೆ ಕಾನೂನಿನಿಂದ ನಿವಾರಿಸಿದ್ದಕ್ಕಾಗಿ ಅರಸರಿಗೆ 'ಭಾರಹರ' ಎಂಬ ಬಿರುದು ನಿಶ್ಚಯವಾಯಿತು.

ಉಳಿದ ಹೊರೆಯಾಳುಗಳು ಮಾತ್ರ ಚೀಲವನ್ನು ನೆಲಕ್ಕಿಟ್ಟು ಸುಮ್ಮನೆ ಕುಳಿತರು. ಇದು ಹಸಿದ ಚೀಲ, ಸಾವಂತ್ರೆವ್ವ ತುತ್ತು ಇಡದೆ ಮುಟ್ಟುವುದಿಲ್ಲ ಎಂದರು. ಈಟಿಗೂ ಜಗ್ಗಲಿಲ್ಲ.

ಹೀಗಾಗಿ ಬಿರುದು ಪ್ರದಾನದ ದಿನ ಅವಳನ್ನೂ ಮಗಳನ್ನೂ ಅರಮನೆಯ ಅಂಗಳಕ್ಕೆ ಕರೆತಂದರು. ಅರಸರು ಹೊಸ ಕಿರೀಟ ತೊಟ್ಟು ಕುಳಿತಿದ್ದರು. ಗುಡ್ಡದ ತುದಿಗೆ ಹೋಗಬೇಕಾದ ಬಿರುದಿನ ಕಲ್ಲು, ಎರಡಾಳು ಉದ್ದದ್ದು, ನೆಲದ ಮೇಲೆ ಮಲಗಿತ್ತು. ಬೆಳ್ಳಿತಟ್ಟೆಯಲ್ಲಿ ಒಂದು ರೊಟ್ಟಿ, ಪಕ್ಕದಲ್ಲಿ ಸೂಜಿದಾರ.

ಸಚಿವರು ಸಾವಂತ್ರೆವ್ವನ ಕಿವಿಯ ಬಳಿ ಬಗ್ಗಿದರು. "ನೋಡಮ್ಮ, ಒಂದು ಚೂರು ಇಟ್ಟು ನಾಲ್ಕು ಹೊಲಿಗೆ ಹಾಕು. ನಿನ್ನ ಮಗಳ ಹೆಸರು ಹೊರೆಯಾಳುಗಳ ಪಟ್ಟಿಯಿಂದ ಹೋಯಿತೆಂದೇ ತಿಳಿ. ಹಾಕದಿದ್ದರೆ ಈ ಕಲ್ಲನ್ನು ಮೊದಲು ಹೊರುವವಳು ಅವಳೇ."

ಸಾವಂತ್ರೆವ್ವ ಮಗಳ ಹೆಗಲನ್ನು ನೋಡಿದಳು. ಆಚೆ ಗೋಡೆಯ ನೆರಳಲ್ಲಿ ಸಾಲಾಗಿ ಕೂತ ಹೊರೆಯಾಳುಗಳ ಹೆಗಲುಗಳನ್ನೂ ನೋಡಿದಳು. ಇವಳು ತುತ್ತಿಟ್ಟರೆ ಅವರು ಏಳುತ್ತಾರೆ, ಹೊರುತ್ತಾರೆ, ಬೀಳುತ್ತಾರೆ. ಅವಳ ಮೇಲಿನ ನಂಬಿಕೆಯಿಂದಲೇ ಬೀಳುತ್ತಾರೆ.

ಅವಳು ರೊಟ್ಟಿ ಎತ್ತಿಕೊಂಡಳು. ಓಲಗದವರು ಉಸಿರು ತುಂಬಿಕೊಂಡು ಸನ್ನದ್ಧರಾದರು. ಅವಳು ಅದನ್ನು ಎರಡು ಮಾಡಿ ಒಂದನ್ನು ಮಗಳ ಕೈಗಿಟ್ಟಳು, ಇನ್ನೊಂದನ್ನು ತಾನು ಕಚ್ಚಿದಳು.

"ಚಲೋ ಆಗೇತ್ರೀ ರೊಟ್ಟಿ" ಎಂದಳು, ಅಗಿಯುತ್ತ. "ಇಂಥಾ ಚೀಲಕ್ಕ ನಾ ತುತ್ತು ಇಡಂಗಿಲ್ಲ."

ಪ್ರಭುಗಳು ಕಾಯುತ್ತಿದ್ದಾರೆ ಎಂದು ಗದರಿದ ಸಚಿವರು, ಭಟರಿಗೆ ಸನ್ನೆ ಮಾಡಿ ಹಿತ್ತಾಳೆಯ ಚೀಲವನ್ನು ಚಂದ್ರವ್ವನ ಮುಂದೆ ಇರಿಸಿದರು. ಅವಳು ಅವಸರಪಡಲಿಲ್ಲ. ತನ್ನ ಪಾಲಿನ ರೊಟ್ಟಿ ಮುಗಿಸಿ, ಕೈ ಕೊಡವಿ, ಹೋಗಿ ಬಿರುದಿನ ಕಲ್ಲಿನ ಮೇಲೆ ಕಾಲು ನೀಡಿ ಕೂತಳು.

"ನಾನೂ ಹೊರಂಗಿಲ್ರೀ."