ಮೇಜಿನ ಕೆಳಗಿನ ಬ್ರೇಕ್

ತಾಳ್ಮೆಯೇ ನನ್ನ ಹೊಟ್ಟೆಪಾಡು! ಹನ್ನೊಂದು ವರ್ಷದಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಿದ್ದೇನೆ. ಕಲಿಯುವವರು ದೀಪದ ಕಂಬವನ್ನು ಅಪ್ಪಿಕೊಳ್ಳಲು ಹೊರಟರೂ ನನ್ನ ಮುಖದ ನಗು ಮಾಸುವುದಿಲ್ಲ. ನನ್ನ ಕಾಲಡಿಯಲ್ಲೇ ಇನ್ನೊಂದು ಬ್ರೇಕ್ ಇದೆಯಲ್ಲ, ಒತ್ತುತ್ತೇನೆ, ಅಷ್ಟೆ. ಹೀಗಿರುವಾಗ ಭಾನುವಾರ ಪಾದ್ರಿಗಳು ತಾಳ್ಮೆಯ ಬಗ್ಗೆ ಪ್ರಸಂಗ ಮಾಡಿದಾಗ ಹೆಂಡತಿ ನನ್ನತ್ತಲೇ ಯಾಕೆ ನೋಡಬೇಕು?

ಯಾಕೆಂದರೆ, ಮಾವ. ಅವರು ನಮ್ಮ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ತಿಂಡಿಗೆ ಮುಂಚಿನ ಪ್ರಾರ್ಥನೆ ಅವರದೇ. ದೂರದ ಸಂಬಂಧಿಕರ ಮೊಣಕಾಲು ನೋವಿನವರೆಗೆ ಎಲ್ಲವನ್ನೂ ದೇವರಿಗೆ ವರದಿ ಒಪ್ಪಿಸುವಷ್ಟರಲ್ಲಿ ತಿಂಡಿ ಆರಿ ತಣ್ಣಗಾಗುತ್ತಿತ್ತು. ನಾನು ನಡುವೆಯೇ "ಆಮೆನ್!" ಎಂದು ಗುಡುಗಿ ತಟ್ಟೆ ಎಳೆದುಕೊಳ್ಳುತ್ತಿದ್ದೆ.

"ಇನ್ನೊಂದ್ಸಲ ಹಾಗೆ ಮಾಡಿದ್ರೆ ಅಪ್ಪನ್ನ ತಂಗಿ ಮನೇಲಿ ಬಿಟ್ಟು ಬರ್ತೀನಿ. ಅವಳದು ಮೂರನೇ ಮಹಡಿ. ಹತ್ತಿದ್ರೆ ಅವ್ರು ಮತ್ತೆ ಇಳಿಯೋ ಹಾಗಿಲ್ಲ," ಎಂದಳು ಹೆಂಡತಿ.

ನಾಳೆಯಿಂದ ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಘೋಷಿಸಿದೆ. ಅವಳು ಹಿಗ್ಗಿ ಹೋಗಿ ಅದನ್ನು ಅಪ್ಪನಿಗೂ ಹೇಳಿದಳು.

ಪಿಟಕ್ಕೆನ್ನಲೂ ಇಲ್ಲ! ಕಣ್ಣು ಮುಚ್ಚಿ, ಹಲ್ಲು ಕಚ್ಚಿ ಕೂತೆ. ಮಾವ ಸಂಬಂಧಿಕರ ಪಟ್ಟಿಗೆ ತಿರುಗಿದ್ದೇ ತಡ, ನನ್ನ ಬಲಗಾಲು ತಾನಾಗಿಯೇ ಮೇಜಿನ ಕೆಳಗೆ ಬ್ರೇಕ್ ಒತ್ತಿತು. ಕೆಲಸಕ್ಕೆ ಹೊರಟ ಕಾಲಿನಲ್ಲಿ ದಪ್ಪ ಬೂಟು. ಬೂಟಿನಡಿ ಏನೋ ಸಿಕ್ಕಿತು, ಮೇಜಿನ ಅಡ್ಡಪಟ್ಟಿ ಇರಬೇಕು ಅಂದುಕೊಂಡೆ. ದಿನವೂ ಇದೇ ಕತೆ. ವಿಚಿತ್ರವೆಂದರೆ ಒತ್ತಿದಷ್ಟೂ ಪ್ರಾರ್ಥನೆ ಉದ್ದವಾಗುತ್ತಿತ್ತು! ಮಾವನ ದನಿ ನಡುಗುವುದು, ಎಲ್ಲಿದ್ದೆನೆಂದು ಮರೆಯುವುದು, ಮತ್ತೆ ಮೊದಲಿನಿಂದ ಶುರು. ಸಹಿಸುವ ಶಕ್ತಿ ಕೊಡಪ್ಪಾ ಎಂದು ಅವರು ಕಣ್ಣೀರಿಟ್ಟಾಗ, ಮುದುಕರ ನಾಟಕವೆಂದು ಇನ್ನೂ ಬಲವಾಗಿ ಒತ್ತಿದೆ.

ಹತ್ತನೆಯ ದಿನ ಆಮೆನ್ ಆದಮೇಲೆ ಮಾವನಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ಹೆಂಡತಿ ಬಗ್ಗಿ ನೋಡಿದಳು. ಅವರ ಬರಿಗಾಲಿನ ಹೆಬ್ಬೆರಳು ಊದಿ ಬದನೆಕಾಯಿಯಾಗಿತ್ತು, ಉಗುರು ಕಪ್ಪಾಗಿತ್ತು. ಪಾದದ ಮೇಲೆ ನನ್ನ ಬೂಟಿನ ತಳದ ಗೆರೆಗಳು ಅಚ್ಚೊತ್ತಿದ್ದವು.

"ಒಂದು ಮಾತು ಹೇಳ್ಬಾರ್ದಿತ್ತಾ ಅಪ್ಪಾ?"

"ಅಳಿಯಂದ್ರು ತಾಳ್ಮೆ ಅಭ್ಯಾಸ ಮಾಡ್ತಿದಾರೆ ಅಂತ ನೀನೇ ಹೇಳಿದ್ಯಲ್ಲಮ್ಮ. ಯಾಕೆ ಅಡ್ಡಿ ಮಾಡೋದು ಅಂತ ಸುಮ್ನಿದ್ದೆ."

ಆ ಮಾತಿನಲ್ಲಿ ಕೊಂಕನ್ನು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಮರುದಿನ ಬೆಳಿಗ್ಗೆ ಮಾವನ ಪೆಟ್ಟಿಗೆ ಬಾಗಿಲ ಬಳಿ ಇತ್ತು. ನಾನು ಕ್ಷಮೆ ಕೇಳಿದೆ. ಮಾವ ಎಂದೋ ಕ್ಷಮಿಸಿಯಾಗಿತ್ತು, ಹೆಂಡತಿ ಕ್ಷಮಿಸಲಿಲ್ಲ. ಕೊನೆಯ ಸಲ ತಿಂಡಿಗೆ ಕೂತೆವು. ಬೂಟು ಕಳಚಿ, ಎರಡೂ ಕಾಲು ಕುರ್ಚಿಯ ಮೇಲೆ ಮಡಚಿಕೊಂಡು, ಮಧ್ಯಾಹ್ನವಾದರೂ ಸರಿ ಎಂದು ಕಣ್ಣು ಮುಚ್ಚಿದೆ.

"ಕರ್ತನೇ, ಸ್ತೋತ್ರ. ಆಮೆನ್," ಎಂದರು ಮಾವ.

ಅಷ್ಟೇ. ನಾಲ್ಕು ತಿಂಗಳಲ್ಲಿ ಮೊದಲ ಸಲ ನನ್ನ ತಟ್ಟೆಯಲ್ಲಿ ತಿಂಡಿ ಹಬೆಯಾಡುತ್ತಿತ್ತು. ಅದು ಆರುವವರೆಗೆ ಕಾಯುತ್ತಾ ಕೂತೆ.