ಗಂಗಾ ನೋಡುತ್ತಿದ್ದಾಳೆ

೨೦೨೪ರ ನವೆಂಬರ್ ೧೪, ಗುರುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷ. ಬೈಲಹೊಂಗಲದ ಬೀಜದಂಗಡಿಯ ನಿಜಗುಣಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಹಾದ ಕಪ್ಪು ಹಿಡಿದು, ತನ್ನ ಮನೆಯ ಅಂಗಳದಲ್ಲಿ ಕ್ಯಾಮೆರಾದ ಎದುರು ನಿಂತಿದ್ದ.

ಹೆಂಡತಿ ಗಂಗಾ ತಂಗಿಯ ಬಾಣಂತನಕ್ಕೆಂದು ಸಾಲಹಳ್ಳಿಗೆ ಹೋಗಿ ಹತ್ತೊಂಬತ್ತು ದಿನಗಳಾಗಿದ್ದವು. ಅಲ್ಲಿಂದಲೇ ಅವಳು ಮನೆಯನ್ನು, ಅದಕ್ಕಿಂತ ಹೆಚ್ಚಾಗಿ ತನ್ನನ್ನು, ಫೋನಿನಲ್ಲಿ ನೋಡಲಿ ಎಂದು ನಿಜಗುಣಪ್ಪ ಅವಳು ಹೊರಡುವ ಹಿಂದಿನ ದಿನ ಈ ಕ್ಯಾಮೆರಾ ಹಾಕಿಸಿದ್ದ. ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದಿದ್ದ. ಮರೆಯಬಾರದೆಂದು ಪಾಸ್‌ವರ್ಡನ್ನು ತಲೆಬಾಗಿಲ ಮೇಲೆ, ಲಾಭ–ಶುಭದ ನಡುವೆ, ಕುಂಕುಮದಲ್ಲಿ ಬರೆದಿದ್ದ. ಪ್ರಸಾದಕ್ಕೆ ಬಂದ ಓಣಿಯವರು ಅದಕ್ಕೂ ಕೈಮುಗಿದು ಹೋಗಿದ್ದರು.

ಅಂದಿನಿಂದ ಪ್ರತಿ ಬೆಳಿಗ್ಗೆ ಕ್ಯಾಮೆರಾ, ಮದುವೆ ಮನೆಯ ಬೀಗಿತ್ತಿಯಂತೆ, ಇದ್ದಲ್ಲೇ ಕತ್ತು ಹೊರಳಿಸಿ ಅಂಗಳವನ್ನೆಲ್ಲ ಅಳೆಯುತ್ತಿತ್ತು. ಆ ಹೊರಳಿನಲ್ಲಿ ನಿಜಗುಣಪ್ಪನಿಗೆ ಗಂಗಾಳ ಕಣ್ಣೇ ಕಾಣುತ್ತಿತ್ತು. ಇಂದು ಧೈರ್ಯ ಮಾಡಿ ಬಾಯಿಬಿಟ್ಟ.

"ಗಂಗಾ, ನೀ ಇಲ್ಲದ ಮನಿ ಮನಿ ಅನಸವಲ್ದು. ನಿನ್ನ ಕೌದಿ ಹೊದ್ದಕೊಂಡು ಮಲಗಾಕತ್ತೇನಿ."

ಕ್ಯಾಮೆರಾ ಮೊದಲ ಬಾರಿಗೆ ಮಾತಾಡಿತು.

"ತಮ್ಮಾ, ತುಸು ಆಚಿಗಿ ಸರಿ. ನಳ ಕಾಣವಲ್ದು."

ಅದು ಪಕ್ಕದ ಮನೆಯ ಕರೆವ್ವನ ದನಿ. ಓಣಿಯಲ್ಲಿ ನೀರು ಮೊದಲು ಬರುವುದು ನಿಜಗುಣಪ್ಪನ ಅಂಗಳದ ನಳಕ್ಕೆ.

ಅವನು ಓಡಿಹೋಗಿ ನೋಡಿದರೆ, ಕರೆವ್ವ ಫೋನು ಹಿಡಿದು ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಎದುರುಮನೆಯ ಶಟ್ಟೆವ್ವ, ಕೊಡದ ಸಮೇತ.

"ಇದೇನ ಕರೆವ್ವಕ್ಕ, ಮಂದಿ ಮನ್ಯಾಗ ಇಣಕಿ ನೋಡೂದು?"

"ನೀನ ಬಾಗಲ ಮ್ಯಾಲ ಬರದೀಯಲ್ಲೋ. ಮುಚ್ಚಿಡೂದಿದ್ರ ಕುಂಕುಮ ಯಾಕ ಬೇಕಿತ್ತು?"

"ಹಂಗಾರ ಇಷ್ಟ ದಿನ ನನ್ನ ನೋಡಿದವರು ನೀವು?"

"ನಿನ್ನ ಯಾರ ನೋಡ್ಯಾರೋ? ನಳ ನೋಡೇವಿ. ನಡುವ ನೀ ಬಂದು ನಿಂದರತೀದಿ," ಎಂದಳು ಕರೆವ್ವ.

"ಕೌದಿ ಮಾತು ಮಾತ್ರ ಛಲೋ ಇತ್ತು," ಎಂದಳು ಶಟ್ಟೆವ್ವ.

ನಿಜಗುಣಪ್ಪ ಮನೆಗೆ ಬಂದು ಸಾಲಹಳ್ಳಿಗೆ ಫೋನು ಹಚ್ಚಿದ.

"ಗಂಗಾ, ಒಮ್ಮೆನೂ ನೋಡಿಲ್ಲೇನ ನೀ?"

"ಹೊತ್ತ ಎಲ್ಲೈತ್ರಿ? ಕೂಸಿಗೆ ಎಣ್ಣಿ-ನೀರು, ಬಾಣಂತಿಗೆ ಅಂಟಿನ ಉಂಡಿ. ನಿಮ್ಮ ಮಾರಿ ನನಗ ಗೊತ್ತಿದ್ದದ್ದ ಐತಲ್ರಿ."

ಅವನು ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಮದುವೆಯ ತಾರೀಖನ್ನು ತಿರುವುಮುರುವು ಮಾಡಿ ಹೊಸ ಪಾಸ್‌ವರ್ಡ್ ಇಟ್ಟ. ಎಲ್ಲಿಯೂ ಬರೆಯಲಿಲ್ಲ. ಬಚ್ಚಲಮನೆಯ ಬಾಗಿಲು ಹಾಕಿಕೊಂಡು, ಫೋನಿನಲ್ಲಿ ಗಂಗಾಳ ಕಿವಿಗೆ ಮಾತ್ರ ಹೇಳಿದ.

"ಸಂಜಿ ಐದಕ್ಕ ನೋಡು. ಎರಡ ನಿಮಿಷ ಸಾಕು."

"ಆತ್ರಿ."

ಸಂಜೆಯವರೆಗೆ ಅಂಗಡಿಯಲ್ಲಿ ಕಡಲೆ ಬೀಜ ಕೇಳಿದವರಿಗೆ ಜೋಳ ಕೊಟ್ಟ. ನಾಲ್ಕೂವರೆಗೆ ಗಡ್ಡ ಹೆರೆದುಕೊಂಡು ಬಂದು ನಿಂತ. ಐದು ಗಂಟೆ ನಾಲ್ಕು ನಿಮಿಷಕ್ಕೆ ಕ್ಯಾಮೆರಾ ಅಲುಗಿತು. ಮೆಲ್ಲಗೆ ಹೊರಳಿ, ನಳದ ಕಡೆ ಹೋಗದೆ, ನೇರ ಅವನ ಮುಖದ ಮೇಲೆ ನಿಂತಿತು. ಅವನು ಅಂಗಿಯ ಕಾಲರು ಸರಿಮಾಡಿಕೊಂಡ.

"ಗಂಗಾ, ಕಾಣಾಕತ್ತೇನಿಲ್ಲೋ?"

"ಕಾಣಾಕತ್ತೀಯೋ ತಮ್ಮಾ," ಎಂದಳು ಕ್ಯಾಮೆರಾದೊಳಗಿಂದ ಕರೆವ್ವ. "ಗಂಗಾಗ ಫೋನ್ ಮಾಡಿದ್ನಿ, ಕೇಳಿದ ಕೂಡಲೆ ಹೊಸಾ ನಂಬರ ಹೇಳಿದಳು. ಐದಕ್ಕ ನಿನ್ನ ನೋಡೂದೈತಂತ, ಆಕಿಗೆ ಪುರಸತ್ತಿಲ್ಲಂತ. ತನ್ನ ಪರವಾಗಿ ನನಗ ನೋಡು ಅಂದಾಳ. ನೋಡಿದ್ನಿ. ಆರಾಮ ಅದೀ."

ಕ್ಯಾಮೆರಾ ಅವನ ಮುಖ ಬಿಟ್ಟು, ಸರಿಯಾಗಿ ಅರವತ್ತೆಂಟು ಡಿಗ್ರಿ ಹೊರಳಿ, ನಳದ ಮೇಲೆ ನಿಂತಿತು.