ನಿಯೋಜನೆಯ ಮೇಲಿರುವ ಖಂಡ

ನೀವು ಎಲ್ಲಿಯವರು ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳಿದವರ ತಪ್ಪಲ್ಲ, ನನ್ನ ಹತ್ತಿರ ಉತ್ತರವಿಲ್ಲ. ನಾನು ಬ್ಯಾಡಗಿಯ ಶಾಲೆಯೊಂದರ ಸಮಾಜ ವಿಜ್ಞಾನದ ಮಾಸ್ತರ. ಎರಡು ವರ್ಷದಿಂದ ನಿಯೋಜನೆಯ ಮೇಲೆ ಹಾವೇರಿಯ ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಕಡತ ಕಟ್ಟುತ್ತಿದ್ದೇನೆ. ಹೆಸರು ಅಲ್ಲಿ, ಮೈ ಇಲ್ಲಿ. ಶಾಲೆಯವರು ಗ್ರೂಪ್ ಫೋಟೋ ತೆಗೆಸಿಕೊಂಡಾಗ ನನ್ನನ್ನು ಕರೆಯಲಿಲ್ಲ. ಕಚೇರಿಯವರು ಕರೆದರು, ಕರೆದು ಕೈಗೆ ಮೊಬೈಲ್ ಕೊಟ್ಟು, ಇದು ನಮ್ಮ ಸ್ಟಾಫಿಂದರಿ ಸರ, ನೀವು ತಗೀರಿ ಎಂದರು. ತೆಗೆದೆ. ಚೆನ್ನಾಗಿಯೇ ಬಂತು.

ಇಂಥವನನ್ನು ಕಚೇರಿಯ ಸಾಹೇಬರು ಜಿಲ್ಲಾ ಮಟ್ಟದ ರಸಪ್ರಶ್ನೆಗೆ ತೀರ್ಪುಗಾರನಾಗಿ ಕೂರಿಸಿದರು. ಪ್ರಶ್ನೆ, ಉತ್ತರ ಎರಡೂ ಅವರವೇ. ಕೊನೆಗೆ ಬ್ಯಾಡಗಿಯ ಶಿವಲೀಲಾ ಮತ್ತು ರಾಣೆಬೆನ್ನೂರಿನ ಒಬ್ಬ ಹುಡುಗ ಸಮಸಮ ಬಂದು ನಿಂತರು. ಉಳಿದದ್ದು ಒಂದೇ ಪ್ರಶ್ನೆ, ಗೆದ್ದವರು ವಿಭಾಗ ಮಟ್ಟಕ್ಕೆ. ಫ್ರಾನ್ಸಿನ ಆಡಳಿತದಲ್ಲಿರುವ ಫ್ರೆಂಚ್ ಗಯಾನಾ ಯಾವ ಖಂಡದಲ್ಲಿದೆ? ಶಿವಲೀಲಾ ಥಟ್ಟನೆ ದಕ್ಷಿಣ ಅಮೆರಿಕ ಎಂದಳು. ನನ್ನ ಕೈಯ ಹಾಳೆಯಲ್ಲಿ ಯುರೋಪ್ ಎಂದಿತ್ತು. ಆಳುವವರು ಯುರೋಪಿನಲ್ಲಿದ್ದರೆ ಆಳಿಸಿಕೊಳ್ಳುವ ನೆಲವೂ ಯುರೋಪೇ, ಇದು ಸಾಹೇಬರ ಭೂಗೋಳ. ಆ ನೆಲವಾದರೋ ಬ್ರೆಜಿಲ್‌ನ ಮಗ್ಗುಲಲ್ಲಿ ಬಿದ್ದುಕೊಂಡಿದೆ. ಪ್ಯಾರಿಸ್ಸಿನಲ್ಲಿ ಕೂತು ಯಾರು ಎಷ್ಟು ಸಹಿ ಹಾಕಿದರೂ ಅಲ್ಲಾಡುವುದಿಲ್ಲ. ಇದನ್ನು ಎದ್ದು ನಿಂತು ಹೇಳುವುದು ನನ್ನ ಕೆಲಸವಾಗಿತ್ತು.

ಸಾಹೇಬರ ಕಡೆ ನೋಡಿದೆ. ನನ್ನ ನಿಯೋಜನೆ ಮುಂದುವರಿಸುವ ಕಾಗದ ವಾರದಿಂದ ಅವರ ಮೇಜಿನ ಮೇಲಿತ್ತು. ಮನೆ ಇರುವುದು ಹಾವೇರಿಯಲ್ಲಿ. ಸಹಿಯಾಗದಿದ್ದರೆ ದಿನಾ ಬೆಳಿಗ್ಗೆ ಬ್ಯಾಡಗಿ ಬಸ್ಸಿಗೆ ನೂಕಾಡಬೇಕು. ಅಷ್ಟೇ, ಜೀವ ಹೋಗುವ ಮಾತೇನಲ್ಲ. ಶಿವಲೀಲಾಳ ಉತ್ತರ ತಪ್ಪು ಎಂದೆ. ಪ್ರಶ್ನೆ ಹುಡುಗನಿಗೆ ಹೋಯಿತು. ಅವನು ಫ್ರೆಂಚ್ ಎಂಬ ಮಾತನ್ನೇ ಹಿಡಿದುಕೊಂಡು ಯುರೋಪ್ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾಚಿಕೆಗೆಟ್ಟವನು, ನಾನೂ ತಟ್ಟಿದೆ.

ಹೊರಗೆ ಮೆಟ್ಟಿಲ ಹತ್ತಿರ ಶಿವಲೀಲಾ ನಿಂತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಏನೋ ಸಮಾಧಾನ ಹೇಳಿ ಜಾರಿಕೊಳ್ಳಬಹುದಿತ್ತು.

"ಸರ, ಎಂಟನೇ ಕ್ಲಾಸಿನ್ಯಾಗ ನಕಾಶೆ ಮ್ಯಾಲೆ ಬೆರಳ ಇಟ್ಟು, ಇದು ದಕ್ಷಿಣ ಅಮೆರಿಕದಾಗ ಐತಿ ಅಂತ ತೋರ್ಸಿದವರು ನೀವ ಅಲ್ರಿ?"

"ಖರೇ ಐತೆವಾ," ಎಂದೆ. "ಆದ್ರ ಆಗ ನಾ ಬ್ಯಾಡಗ್ಯಾಗಿದ್ದೆ."

ಅವಳು ನಮಸ್ಕಾರ ಮಾಡಿ ಬಸ್ ಸ್ಟ್ಯಾಂಡಿನ ಕಡೆ ಹೋದಳು. ಆ ನಮಸ್ಕಾರ ನನಗೆ ಬೇಡವಾಗಿತ್ತು. ಸಂಜೆ ಸಾಹೇಬರು ತಾವಾಗಿಯೇ ಕರೆದು ನನ್ನ ಕಾಗದಕ್ಕೆ ಸಹಿ ಹಾಕಿದರು. ಪೆನ್ನಿನ ಟೊಪ್ಪಿಗೆ ಹಾಕುತ್ತ, "ನೀವು ನಮ್ಮವರ ಬಿಡ್ರಿ," ಎಂದರು. ಎರಡು ವರ್ಷದಲ್ಲಿ ಮೊದಲ ಸಲ ಒಬ್ಬರು ನನ್ನನ್ನು ತಮ್ಮವನೆಂದರು. ಅದಕ್ಕಿಂತ ಕೆಟ್ಟ ಬೈಗುಳವನ್ನು ನಾನು ಈವರೆಗೆ ಕೇಳಿಲ್ಲ.